ಖಾಜಾಬಿಗೆ ಬಂದ ಕಾರು

ಮೊನ್ನೆ ಶಹಾಪುರದಿಂದ ಗೋಗಿ ಕಡೆ ಹೋಗುವ ಶೇರ್ ಆಟೊದಲ್ಲಿ ನನ್ನ ಪಕ್ಕ ಕೂತ ಮುದುಕಿ ಸೀರೆಯನ್ನು ಮೊಣಕಾಲ ತನಕ ಸರಿಸಿ, ಕೈಚೀಲದಿಂದ ಹಸಿರು ಬಾಟಲಿ ತೆಗೆದು ಎಣ್ಣೆ ತಿಕ್ಕಿಕೊಳ್ಳತೊಡಗಿದಳು. ಕರ್ಪೂರ, ನೀಲಗಿರಿ, ಅವುಗಳ ಕೆಳಗೆ ಸೀದ ಸಾಸಿವೆಯಂಥ ಒಂದು ಘಾಟು. ಎದುರಿಗಿದ್ದವರು ಮುಖ ತಿರುಗಿಸಿದರು. ನಾನು ತಿರುಗಿಸಲಿಲ್ಲ. ಆ ಘಾಟು ನನಗೆ ಹಳೆಯ ಪರಿಚಯ. ಒಂದು ಬೇಸಿಗೆ ಪೂರ್ತಿ ಅದರ ಡಬ್ಬಿಗಳನ್ನು ಹೊತ್ತು ಮನೆಮನೆಗೆ ಮುಟ್ಟಿಸಿದವಳೇ ನಾನು. ಅದರ ಬೆನ್ನಿಗೆ ಬಂದ ಮುಂಗಾರಿನಲ್ಲಿ ಆದದ್ದನ್ನು ಇಲ್ಲಿಯ ತನಕ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಹೇಳಿದರೆ ಅದರಲ್ಲಿ ನನ್ನ ಪಾಲೂ ಬರುತ್ತದೆ.

ಆಗ ನಾನು ಗೋಗಿಯಿಂದ ಇನ್ನಷ್ಟು ಆಚೆ ಇರುವ ಒಂದು ಊರಿನ ಅಂಚೆ ಕಚೇರಿಯಲ್ಲಿ ಪೋಸ್ಟ್‌ಮಾಸ್ಟರ್ ಆಗಿದ್ದೆ. ಊರಿನ ಹೆಸರು ಬೇಡ. ಅಲ್ಲಿನವರೆಲ್ಲ ಬದುಕಿದ್ದಾರೆ, ನನಗೂ ಆಗಾಗ ಹೋಗಿ ಮುಖ ತೋರಿಸುವುದಿದೆ. ಪೋಸ್ಟ್‌ಮಾಸ್ಟರ್ ಎಂದರೆ ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ಹಳೆಯ ಮನೆಯೊಂದರ ಮುಂದಿನ ಕೋಣೆ, ಒಂದು ಮೇಜು, ಒಂದು ತಕ್ಕಡಿ, ಒಂದು ಠಸ್ಸೆ, ಅಂಗೈಯಗಲದ ಒಂದು ಮೆಷಿನ್. ಪತ್ರಕ್ಕೆ ಮುದ್ರೆ ಒತ್ತುವವಳೂ ನಾನೇ, ಅದನ್ನು ಮನೆಗೆ ಮುಟ್ಟಿಸುವವಳೂ ನಾನೇ, ಉಳಿತಾಯ ಖಾತೆಗೆ ಹಣ ಕಟ್ಟಿಸಿಕೊಳ್ಳುವವಳೂ ನಾನೇ. ನಾನು ಸುರಪುರದವಳು, ಆ ಊರಿಗೆ ನೌಕರಿಗೆಂದು ಬಂದು ಬಾಡಿಗೆ ಕೋಣೆಯಲ್ಲಿದ್ದವಳು. ಊರು ನನ್ನನ್ನು ಟಪ್ಪಾಲಕ್ಕ ಎನ್ನುತ್ತಿತ್ತು. ನನ್ನ ಅವ್ವನ ವಯಸ್ಸಿನವರೂ ಅಕ್ಕ ಎಂದೇ ಕರೆಯುತ್ತಿದ್ದರು.

ಆ ಊರಿನಲ್ಲಿ ಒಂದು ರಿವಾಜು ಇತ್ತು. ಟಪ್ಪಾಲು ತಂದವರು ಅದನ್ನು ಕೊಟ್ಟು ಬರುವಂತಿರಲಿಲ್ಲ, ಹೊಸ್ತಿಲಲ್ಲಿ ನಿಂತು ಓದಿ ಹೇಳಿ ಬರಬೇಕಿತ್ತು. ಅಕ್ಕಪಕ್ಕದವರೂ ಬಂದು ನಿಲ್ಲುತ್ತಿದ್ದರು. ಸುದ್ದಿ ಒಳ್ಳೆಯದಾದರೆ ಓದಿದವರ ಬಾಯಿಗೆ ಒಂದು ಚಿಟಿಕೆ ಸಕ್ಕರೆ. ನನಗಿಂತ ಮುಂಚೆ ಇದ್ದವರು ಮೂವತ್ತು ವರ್ಷ ಹೀಗೇ ಸಕ್ಕರೆ ತಿಂದು ನಿವೃತ್ತರಾಗಿದ್ದರು. ಈಗ ಎಲ್ಲರ ಮನೆಯಲ್ಲೂ ಓದಿದ ಮಕ್ಕಳಿದ್ದಾರೆ, ಆದರೂ ರಿವಾಜು ನಿಂತಿರಲಿಲ್ಲ. ನಾನು ಓದಿದರೆ ಅದು ಸರ್ಕಾರವೇ ಓದಿದಂತೆ. ಈ ಮರ್ಯಾದೆ ನನಗೆ ಬಹಳ ಹಿಡಿಸಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ದನಿ ಸ್ವಲ್ಪ ಏರಿಸಿಯೇ ಓದುತ್ತಿದ್ದೆ.

ಆ ವರ್ಷದ ಬೇಸಿಗೆಯಲ್ಲಿ ಊರಿಗೆಲ್ಲ ಟಿವಿಯಲ್ಲಿ ಬರುತ್ತಿದ್ದ ಒಂದು ಎಣ್ಣೆಯ ಹುಚ್ಚು ಹಿಡಿದಿತ್ತು. ಫೋನು ಮಾಡಿ ಹೆಸರು, ವಿಳಾಸ ಹೇಳಿದರೆ ಪಾರ್ಸಲ್ ಬರುತ್ತಿತ್ತು. ನಾನು ಮುಟ್ಟಿಸಿ ಹಣ ಇಸಿದುಕೊಳ್ಳುತ್ತಿದ್ದೆ. ಮೊಣಕಾಲಿನ ನೋವಿಗೆ ಒಂದು ಬಾಟಲಿ, ಕೂದಲು ಬೆಳೆಯಲು ಇನ್ನೊಂದು, ಹೆಸರು ಹೇಳಲಾಗದ ಕಾರಣಕ್ಕೆ ಮತ್ತೊಂದು. ಎರಡನೆಯ ಮತ್ತು ಮೂರನೆಯ ತರಹದವನ್ನು ತರಿಸಿದವರು ಮನೆಗೆ ತರಬೇಡವೆಂದು ಮೊದಲೇ ಹೇಳಿ, ತಾವೇ ಬಂದು ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದರು. ಯಾರು ಏನು ತರಿಸಿದರು ಎಂಬುದು ನನ್ನ ರಿಜಿಸ್ಟರಿಗೂ ನನಗೂ ಮಾತ್ರ ಗೊತ್ತಿತ್ತು. ಅಂಚೆಯವರ ಹೊಟ್ಟೆ ಬಾವಿಯಷ್ಟು ಆಳ ಇರಬೇಕು.

ಖಾಜಾಬಿ ತರಿಸಿದ್ದು ಮೊಣಕಾಲಿನ ಎಣ್ಣೆ. ಅವಳು ಬಳೆಗಾರ್ತಿ, ಐವತ್ತು ದಾಟಿದ ವಿಧವೆ. ಬಳೆಗಳ ಬುಟ್ಟಿ ಹೊತ್ತು ಸುತ್ತಲಿನ ಐದು ಊರು ನಡೆದೇ ತಿರುಗುವವಳು. ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ನಮ್ಮೆಲ್ಲರಿಗಿಂತ ಬಿರುಸಾದ ಕನ್ನಡ. ಹೆಣ್ಣುಮಕ್ಕಳಿಬ್ಬರ ಮದುವೆ ಮುಗಿಸಿ, ಇನ್ನು ತಿರುಗಲಾರೆ, ಬಸ್ ನಿಲ್ಲುವ ಕಡೆ ತಗಡಿನ ಒಂದು ಡಬ್ಬಾ ಅಂಗಡಿ ಇಟ್ಟುಕೊಂಡು ಕೂತು ಬಳೆ ಮಾರುತ್ತೇನೆ ಎಂದು ನಿಶ್ಚಯಿಸಿದ್ದಳು. ಅದಕ್ಕಾಗಿ ಐದು ವರ್ಷದಿಂದ ತಿಂಗಳು ತಪ್ಪದೆ ಅಂಚೆಯಲ್ಲಿ ಕಟ್ಟುತ್ತ ಬಂದಿದ್ದಳು. ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಮೆತ್ತಿ, ಒಂದೊಂದು ಚಪ್ಪಲಿ ಒಂದೊಂದು ಸೇರು ತೂಗುವ ದಾರಿಯಲ್ಲಿ ಅವಳು ಬುಟ್ಟಿ ಹೊತ್ತು ಬರುವುದನ್ನು ನೋಡಿದವರಿಗೆ ಆ ಡಬ್ಬಾ ಅಂಗಡಿಯ ಅರ್ಥ ಗೊತ್ತಾಗುತ್ತಿತ್ತು. ಆ ಆಷಾಢಕ್ಕೆ ಅವಳ ಐದು ವರ್ಷ ತುಂಬುವುದಿತ್ತು.

ಆರಿದ್ರಾ ಮಳೆ ಹಿಡಿದಿದ್ದ ಒಂದು ದಿನ ಅವಳ ಹೆಸರಿಗೆ ರಿಜಿಸ್ಟರ್ ಪತ್ರ ಬಂತು. ದಪ್ಪ ಲಕೋಟೆ. ಹೊಸ್ತಿಲಲ್ಲಿ ನಿಂತು ಸಹಿ ಮಾಡಿಸಿಕೊಂಡು ಒಡೆದೆ. ಒಳಗೆ ನುಣುಪು ಹಾಳೆ, ಅದರ ಮೇಲೆ ಬಿಳಿ ಕಾರಿನ ಚಿತ್ರ, ಮೂರು ಸಹಿ, ದುಂಡನೆಯ ಎರಡು ಮುದ್ರೆ, ಜೊತೆಗೆ ಕೆರೆದು ನೋಡುವ ಒಂದು ಚೀಟಿ. ಖಾಜಾಬಿ ಬುಟ್ಟಿಯಲ್ಲಿದ್ದ ಒಡೆದ ಬಳೆಯ ಚೂರಿನಿಂದ ಚೀಟಿ ಕೆರೆದಳು. ಅಕ್ಷರ ಮೂಡಿದವು. ಎಣ್ಣೆ ಕಂಪನಿಯ ವಾರ್ಷಿಕೋತ್ಸವದ ಮೊದಲನೇ ಬಹುಮಾನ, ಒಂದು ಕಾರು. ಬೇಡವಾದರೆ ಅಷ್ಟೇ ಬೆಲೆಯ ಹಣ.

ಪತ್ರದ ಕನ್ನಡ ಕಲ್ಲು ಬೆರೆಸಿದ ಅಕ್ಕಿಯ ಹಾಗಿತ್ತು. ಒಂದು ವಾಕ್ಯವೂ ನೆಟ್ಟಗಿರಲಿಲ್ಲ. ಅದೇ ನನಗೆ ಸಾಕಾಗಬೇಕಿತ್ತು. ಆದರೆ ನಾನು ಮಾಡಿದ್ದೇನು? ಸುತ್ತ ಹತ್ತು ಜನ ನಿಂತಿದ್ದರು, ತೊದಲಿದರೆ ನನಗೇ ಓದಲು ಬರುವುದಿಲ್ಲ ಎಂದುಕೊಂಡಾರು ಎಂದು, ಸೊಟ್ಟ ವಾಕ್ಯಗಳನ್ನೆಲ್ಲ ಅಲ್ಲಲ್ಲೇ ನೆಟ್ಟಗೆ ಮಾಡಿ, ಗಂಭೀರ ದನಿಯಲ್ಲಿ ಓದಿ ಒಪ್ಪಿಸಿದೆ. ಕಳ್ಳನ ಕಾಗದಕ್ಕೆ ನಾನೇ ಇಸ್ತ್ರಿ ಹಾಕಿಕೊಟ್ಟೆ. ಕೊನೆಯಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಇನ್ನೇನೋ ಇತ್ತು. ಅಲ್ಲಿಗೆ ಬರುವಷ್ಟರಲ್ಲಿ ಸಕ್ಕರೆ ನನ್ನ ಬಾಯಿಗೆ ಬಂದಿತ್ತು. ಬಾಯಿ ತುಂಬಿದ ಮೇಲೆ ಓದುವುದು ಹೇಗೆ?

ನೆರೆಯವಳೊಬ್ಬಳು, ಒಂದು ಬಾಟಲಿ ಎಣ್ಣೆಗೆ ಕಾರು ಕೊಡುತ್ತಾರೆಯೇ ಎಂದು ಕೇಳಿದಳು. ಅವಳು ಕೇಳಿದ್ದೇ ಸರಿಯಾದ ಪ್ರಶ್ನೆ. ಆದರೆ ಖಾಜಾಬಿಯ ಹತ್ತಿರ ಅದಕ್ಕೆ ಉತ್ತರ ತಯಾರಿತ್ತು.

"ನಾ ಒಂದ್ ಡಜನ್ ಬಳಿ ಮ್ಯಾಲ ಒಂದ್ ಬಳಿ ಕೊಸರು ಕೊಡ್ತೀನಿಲ್ಲ? ನನ್ನಂಥ ಬಡವಿನೇ ಕೊಡ್ತೀನಿ ಅಂದಮ್ಯಾಲ, ಅಂಥಾ ದೊಡ್ಡ ಕಂಪನಿಯವರು ಒಂದ್ ಕಾರ್ ಕೊಡಂಗಿಲ್ಲೇನು?"

ಬಳೆಗಾರ್ತಿಯ ಧರ್ಮದಲ್ಲಿ ಕೊಸರು ಇಲ್ಲದ ವ್ಯಾಪಾರವೇ ಇಲ್ಲ. ಹನ್ನೆರಡು ಬಳೆ ತೊಡಿಸಿ, ಹದಿಮೂರನೆಯದನ್ನು ತಾನಾಗಿ ತೊಡಿಸದಿದ್ದರೆ ಅವಳಿಗೆ ರಾತ್ರಿ ಅನ್ನ ಸೇರುತ್ತಿರಲಿಲ್ಲ. ಜಗತ್ತಿನ ವ್ಯಾಪಾರಿಗಳೆಲ್ಲ ತನ್ನಂತೆಯೇ ಎಂದು ಅವಳು ತಿಳಿದಿದ್ದಳು. ನೆರೆಯವಳು ಒಪ್ಪಿಕೊಂಡು ಒಳಗೆ ಹೋದಳು. ನಾನೂ ತಲೆಯಾಡಿಸಿ ಬಂದೆ.

ಅದರ ಮುಂದಿನ ಹತ್ತು ದಿನಗಳಲ್ಲಿ ಅಂಥವೇ ಇನ್ನೂ ಮೂರು ಲಕೋಟೆ ಬಂದವು. ಒಂದು ಹಿಟ್ಟಿನ ಗಿರಣಿಯವನಿಗೆ, ಒಂದು ಅಂಗನವಾಡಿ ಸಹಾಯಕಿಗೆ, ಒಂದು ಶರಣಪ್ಪ ಮಾಸ್ತರರಿಗೆ. ಗಿರಣಿಯವನ ಮನೆಯಲ್ಲಿ ಓದಿದಾಗ ಮತ್ತೆ ಅದೇ ಬಿಳಿ ಕಾರು, ಅದೇ ಮೊದಲನೇ ಬಹುಮಾನ. ಒಂದೇ ಊರಿನ ಇಬ್ಬರಿಗೆ ಮೊದಲನೇ ಬಹುಮಾನ ಹೇಗೆ ಬರುತ್ತದೆ? ಆಗ ಮಾತ್ರ ನಾನು ಕೆಳಗಿನ ಇರುವೆ ಸಾಲನ್ನು ಓದಿದೆ. ಬಹುಮಾನ ಕೈಸೇರುವ ಮುಂಚೆ ತೆರಿಗೆಯನ್ನು ತಾವೇ ಕಟ್ಟಬೇಕು ಎಂದಿತ್ತು. ಗಿರಣಿಯವನು ನಕ್ಕು ಅದನ್ನು ಹಿಟ್ಟಿನ ಡಬ್ಬಿಗೆ ಮುಚ್ಚಳ ಮಾಡಿಕೊಂಡ. ಅವನಿಗೆ ಮೊದಲಿನಿಂದ ಯಾರ ಮೇಲೂ ನಂಬಿಕೆ ಇಲ್ಲ. ಹಾಗಿರುವುದರಿಂದ ಆಗುವ ಲಾಭ ಅವತ್ತು ನೋಡಿದೆ. ಅಂಗನವಾಡಿಯವಳು ನಾನು ಬೇಡವೆಂದಿದ್ದಕ್ಕೆ ಪತ್ರ ಹರಿದು ಒಲೆಗೆ ಹಾಕಿದಳು. ಮಾಸ್ತರರು ಮಾತ್ರ ಓದುವುದಕ್ಕೇ ಕೊಡಲಿಲ್ಲ. ಸಹಿ ಮಾಡಿ, ಲಕೋಟೆಯನ್ನು ಅಂಗಿಯ ಜೇಬಿಗಿಳಿಸಿ ಹೋದರು.

ಅಂದು ಕಚೇರಿಗೆ ಬಂದು ಬೇಸಿಗೆಯ ರಿಜಿಸ್ಟರ್ ತೆಗೆದೆ. ನಾಲ್ಕೂ ಹೆಸರು ಅಲ್ಲಿದ್ದವು. ನಾಲ್ವರೂ ಅದೇ ಕಂಪನಿಯ ಬಾಟಲಿ ತರಿಸಿದವರು. ಹೆಸರು, ಊರು, ಫೋನ್ ನಂಬರು ಎಲ್ಲ ಸರಿಯಾಗಿ ಬರೆದಿದ್ದಾರಲ್ಲ ಎಂದು ಜನ ನಂಬುತ್ತಿದ್ದರು. ಹೇಗೆ ಗೊತ್ತಾಯಿತು ಎಂಬುದಕ್ಕೆ ಉತ್ತರ ನನ್ನ ರಿಜಿಸ್ಟರಿನಲ್ಲೇ ಇತ್ತು: ತರಿಸುವಾಗ ತಾವೇ ಹೇಳಿದ್ದರು. ಅದನ್ನು ಅಲ್ಲಿಂದ ಯಾರು ಯಾರಿಗೆ ಮಾರಿದರೋ ನನಗೆ ಗೊತ್ತಿಲ್ಲ. ಶಹಾಪುರಕ್ಕೆ ಹೋದಾಗ ನಮ್ಮ ಇಲಾಖೆಯ ಹಿರಿಯರೊಬ್ಬರನ್ನು ಕೇಳಿದೆ. ಇಂಥವು ಎಲ್ಲ ಊರಿಗೂ ಬರುತ್ತಿವೆ, ಬಂದ ಟಪ್ಪಾಲನ್ನು ತಡೆಯುವ ಅಧಿಕಾರ ನಮಗಿಲ್ಲ, ಆದರೆ ಮೊದಲು ರೊಕ್ಕ ಕಟ್ಟಿ ಅನ್ನುವ ಬಹುಮಾನ ಬಹುಮಾನವೇ ಅಲ್ಲ ಎಂದು ಜನರಿಗೆ ಹೇಳು ಎಂದರು.

ಹೇಳಲು ಖಾಜಾಬಿಯ ಮನೆಗೆ ಹೋದೆ. ಅಷ್ಟರಲ್ಲಿ ತಡವಾಗಿತ್ತು. ಪತ್ರದಲ್ಲಿದ್ದ ನಂಬರಿಗೆ ಅವಳು ಫೋನು ಮಾಡಿಯಾಗಿತ್ತು, ಆಮೇಲೆ ಅವರೇ ದಿನಾ ಮಾಡುತ್ತಿದ್ದರು. ಬೆಂಗಳೂರು ಕಡೆಯ ಕನ್ನಡದ ಹುಡುಗನಂತೆ. ಬಹಳ ಸಂಭಾವಿತನಂತೆ. ಮಾತು ಶುರುಮಾಡುವ ಮುಂಚೆ, ಅಮ್ಮಾ ಮೊಣಕಾಲು ಹೇಗಿದೆ, ಎಣ್ಣೆ ಹಚ್ಚುತ್ತಿದ್ದೀರಾ ಎಂದು ಕೇಳುತ್ತಾನಂತೆ. ಇದನ್ನು ಹೇಳುವಾಗ ಖಾಜಾಬಿಯ ಮುಖ ನೋಡಬೇಕಿತ್ತು. ಅವಳು ಐದು ಊರಿನ ಹೆಂಗಸರ ಕೈ ಹಿಡಿದು ಬಳೆ ತೊಡಿಸುತ್ತಾಳೆ. ಅವರ ಬಾಣಂತನ, ಗಂಡನ ಜಗಳ, ಸೊಸೆಯ ಗೊಣಗಾಟ ಎಲ್ಲ ಕೇಳುತ್ತಾಳೆ. ನಿನ್ನ ಮೊಣಕಾಲು ಹೇಗಿದೆ ಎಂದು ಅವಳನ್ನು ಕೇಳಿದವರು ಯಾರೂ ಇರಲಿಲ್ಲ. ನಾನೂ ಕೇಳಿರಲಿಲ್ಲ. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ತೆರಿಗೆ ಎಂದು ಅವನು ಕೇಳಿದ್ದು ಹನ್ನೆರಡು ಸಾವಿರದ ಎಂಟುನೂರ ಅರವತ್ತು. ದುಂಡಗೆ ಹತ್ತು ಸಾವಿರ ಎಂದಿದ್ದರೆ ಅವಳಿಗೆ ಅನುಮಾನ ಬರುತ್ತಿತ್ತೇನೋ. ಈ ಅರವತ್ತು ಇದೆಯಲ್ಲ, ಅದು ಸರ್ಕಾರದ ಕಚೇರಿಯಲ್ಲಿ ಕೂತು ಗುಣಿಸಿದಂತೆ ಕಾಣುತ್ತದೆ. ಅವಳ ಐದು ವರ್ಷದ ಉಳಿತಾಯದ ಮುಕ್ಕಾಲು ಪಾಲು ಅದಕ್ಕೇ ಹೋಗುತ್ತಿತ್ತು. ಡಬ್ಬಾ ಅಂಗಡಿಯ ಹಣ ಕೊಟ್ಟು, ಕಾರಿನ ಬದಲು ಬರುವ ಹಣದಲ್ಲಿ ಕಲ್ಲಿನ ಅಂಗಡಿಯನ್ನೇ ಕಟ್ಟಿಸುವುದು ಅವಳ ಯೋಚನೆ. ಇದು ಮೋಸ, ಕೊಡಬೇಡ ಎಂದೆ. ಪತ್ರ ನೀನೇ ಓದಿದ್ದಲ್ಲ ಎಂದಳು. ಓದಿದ್ದು ತಪ್ಪಾಯಿತು ಎಂದೆ. ಹಾಗಾದರೆ ಮುಂಚೆ ಓದಿದ್ದೆಲ್ಲ ಸರಿ, ಇದೊಂದೇ ತಪ್ಪೇ ಎಂದು ಕೇಳಿದಳು. ಆಮೇಲೆ ಗೊತ್ತಾದದ್ದು, ಆ ಹುಡುಗ ಮೊದಲೇ ಎಚ್ಚರಿಸಿದ್ದ: ಬಹುಮಾನ ಕೈಗೆ ಬರುವ ತನಕ ಯಾರಿಗೂ ಹೇಳಬೇಡಿ ಅಮ್ಮಾ, ಹೊಟ್ಟೆಕಿಚ್ಚಿನವರು ಮೋಸ ಅಂತಾರೆ, ದೃಷ್ಟಿ ಆಗುತ್ತೆ. ನಾನು ಹೋಗಿ ಅವನ ಮಾತನ್ನು ನಿಜ ಮಾಡಿಕೊಟ್ಟು ಬಂದಂತಾಯಿತು.

ಐದು ವರ್ಷ ತುಂಬಿದ ಹಣ ಅವಳ ಖಾತೆಗೆ ಜಮೆಯಾದದ್ದು ಶನಿವಾರ. ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವಷ್ಟರಲ್ಲಿ ಖಾಜಾಬಿ ಕಟ್ಟೆಯ ಮೇಲೆ ಪಾಸ್‌ಬುಕ್ ಹಿಡಿದು ಕೂತಿದ್ದಳು. ಅವಳ ಹಣ ಅವಳು ಕೇಳಿದರೆ ಕೊಡುವುದಿಲ್ಲ ಎನ್ನಲು ನಾನು ಯಾರು? ಮೆಷಿನ್ ಹಚ್ಚಿದೆ. ಅವತ್ತು ಗಾಳಿಮಳೆಗೆ ಗೋಗಿ ಕಡೆಯ ಟವರ್ ಸತ್ತಿತ್ತು, ನೆಟ್‌ವರ್ಕ್ ಇರಲಿಲ್ಲ. ಇಲ್ಲ ಎಂದೆ. ಎದ್ದು ಹೋದಳು. ಜನ್ಮದಲ್ಲಿ ಮೊದಲ ಬಾರಿಗೆ ಆ ಹಾಳು ಟವರಿಗೆ ಕೈ ಮುಗಿದೆ.

ಮಂಗಳವಾರ ನೆಟ್‌ವರ್ಕ್ ಬಂದಿತ್ತು. ಖಾಜಾಬಿಯೂ ಬಂದಳು. ನೆಟ್‌ವರ್ಕ್ ಇಲ್ಲ ಎಂದೆ. ಯೋಚಿಸಿ ಹೇಳಿದ್ದಲ್ಲ, ನಿನ್ನೆಯ ಮಾತು ನಾಲಿಗೆಯ ಮೇಲೆ ಇನ್ನೂ ಇತ್ತು, ಅದೇ ಜಾರಿ ಬಂತು. ನಮ್ಮ ಕಡೆ ಈ ಮಾತನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ. ಮಳೆ ಇಲ್ಲ, ಕರೆಂಟ್ ಇಲ್ಲ ಎಂದಷ್ಟೇ ಸಹಜ. ಬುಧವಾರ ಮಾತ್ರ ಯೋಚಿಸಿಯೇ ಹೇಳಿದೆ. ತಡವಾದಷ್ಟೂ ಆ ಹುಡುಗನಿಗೆ ಬೇಸರ ಬಂದು ಬಿಟ್ಟುಬಿಡುತ್ತಾನೆ ಎಂಬ ಆಸೆ. ಅವನು ಬಿಡುವ ಪೈಕಿ ಇರಲಿಲ್ಲ. ನಾಳೆ ಸಂಜೆಗೆ ಕೊನೆ, ಆಮೇಲೆ ಬಹುಮಾನ ಬೇರೆಯವರ ಪಾಲು ಎಂದು ಹೇಳಿಟ್ಟಿದ್ದ.

ಗುರುವಾರ ನನ್ನ ಬುದ್ಧಿ ಮಣ್ಣು ತಿಂದಿತು. ಪಿಂಚಣಿಗೆ ಬಂದ ಮುದುಕನೊಬ್ಬನಿಗೆ ಬೆರಳು ಒತ್ತಿಸಿ ಹಣ ಕೊಟ್ಟೆ. ಅವನು ಎದ್ದು ಹೋದ, ಬಾಗಿಲಲ್ಲಿ ಖಾಜಾಬಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನೆಟ್‌ವರ್ಕ್ ಈಗಷ್ಟೇ ಬಂತು ಎಂದೆ. ಅವಳು ಹೊರಗೆ ಕಟ್ಟೆಯ ಮೇಲೆ ಕೂತವರನ್ನು ಕೇಳಿದಳು, ನಿನ್ನೆ ಮೊನ್ನೆ ಯಾರಿಗಾದರೂ ಹಣ ಸಿಕ್ಕಿತೇ ಎಂದು. ಸಿಕ್ಕವರಿದ್ದರು, ಹೇಳಿದರು.

ಖಾಜಾಬಿ ಬುಟ್ಟಿಯನ್ನು ನನ್ನ ಮೇಜಿನ ಮೇಲೆಯೇ ಇಟ್ಟಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಿಜ ಹೇಳವ್ವ. ನನ್ನ ರೊಕ್ಕ ಪೋಸ್ಟಿನಾಗ ಅದನೋ, ನೀ ತಿಂದೀಯೋ?"

ಎಲ್ಲೋ ಯಾವುದೋ ಊರಿನಲ್ಲಿ ಜನರ ಉಳಿತಾಯ ನುಂಗಿ ಓಡಿಹೋದವರ ಕತೆ ಎಲ್ಲರೂ ಕೇಳಿದ್ದೇ. ಕಟ್ಟೆಯ ಮೇಲಿದ್ದವರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ಕೆಲವರ ಕೈ ತಮ್ಮ ತಮ್ಮ ಪಾಸ್‌ಬುಕ್ಕಿನ ಕಡೆ ಹೋಯಿತು. ಮೂರು ವರ್ಷ ನಾನು ಆ ಊರಿನಲ್ಲಿ ಗಳಿಸಿದ್ದು ಇಷ್ಟೇನಾ ಎನಿಸಿ ಅಳು ಬಂತು. ಸಿಟ್ಟೂ ಬಂತು. ಮೋಸ ಮಾಡುವವನು ಸಂಭಾವಿತ, ತಡೆಯಲು ಹೋದವಳು ಕಳ್ಳಿ.

ಶರಣಪ್ಪ ಮಾಸ್ತರರು ದಿನದಂತೆ ಮೂಲೆಯ ಬೆಂಚಿನ ಮೇಲೆ ಪೇಪರ್ ಓದುತ್ತ ಕೂತಿದ್ದರು. ಆ ಊರಿನ ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದವರು. ಅರ್ಧ ಊರಿಗೆ ಮಗ್ಗಿ ಬಾಯಿಪಾಠ ಮಾಡಿಸಿದ್ದು ಅವರ ಬೆತ್ತ. ಸಂತೆಯಲ್ಲಿ ಲೆಕ್ಕ ತಪ್ಪಿದರೆ ಈಗಲೂ ಜನ ಅವರ ಕಡೆ ತಿರುಗುತ್ತಿದ್ದರು. ಅವರು ಪೇಪರ್ ಮಡಚಿದರು. ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು.

"ಖಾಜಾಬಿ, ಆ ಹುಡುಗಿಗೆ ಅನಬ್ಯಾಡ. ನಂಗೂ ಆ ಕಾಗದ ಬಂದಿತ್ತು. ನಾ ಕಳಿಸೀನಿ. ಎರಡ್ ಸಲ ಕಳಿಸೀನಿ."

ಬಾಗಿಲಲ್ಲಿದ್ದವರಲ್ಲಿ ಒಬ್ಬರೂ ಕಿಸಕ್ಕೆನ್ನಲಿಲ್ಲ. ಮಾಸ್ತರರು ನೆಲ ನೋಡುತ್ತ ಉಳಿದದ್ದನ್ನೂ ಹೇಳಿದರು. ಮೊದಲು ತೆರಿಗೆ ಎಂದರು, ಕಳಿಸಿದೆ. ಆಮೇಲೆ ಕಾರು ಹೊರಟಿದೆ, ವಿಮೆ ಕಟ್ಟಬೇಕು ಎಂದರು, ಕಳಿಸಿದೆ. ಈಗ ಕಾರು ಗಡಿಯಲ್ಲಿ ನಿಂತಿದೆ, ಬಿಡಿಸಲು ಇನ್ನಷ್ಟು ಬೇಕಂತೆ. ಮನೆಯಲ್ಲಿ ಹೆಂಡತಿಗೂ ಗೊತ್ತಿಲ್ಲ. ತರಿಸಿದ್ದು ಯಾವ ಎಣ್ಣೆ ಎಂದು ಯಾರೋ ಹಿಂದಿನಿಂದ ಕೇಳಿದರು. ಮಾಸ್ತರರು ಕೂದಲಿಂದು ಎಂದರು. ನನ್ನ ರಿಜಿಸ್ಟರಿನ ಗುಟ್ಟನ್ನು ಅವರಾಗಿಯೇ ಬಯಲು ಮಾಡಿದರು. ಅಷ್ಟು ಧೈರ್ಯದ ಕೆಲಸ ಬೇರೆ ಯಾರೂ ಮಾಡಿದ್ದು ನಾನು ಕಂಡಿಲ್ಲ.

ಖಾಜಾಬಿ ಮಾಸ್ತರರ ಕಡೆ ತಿರುಗಿದಳು. ಅವಳ ತಲೆ ವ್ಯಾಪಾರಿಯ ತಲೆ. ಆಸೆಯ ಮಂಪರು ಸ್ವಲ್ಪ ಸರಿದರೆ ಸಾಕು, ತಾನಾಗಿ ಕೆಲಸ ಮಾಡುತ್ತಿತ್ತು. ಅವರನ್ನು ಕೇಳಿದಳು.

"ಯಾದಗಿರಿ ಬಜಾರಿನಾಗ ತೊಗರಿ ಹಾಕಿದ್ರ ಹಮಾಲಿ, ದಲ್ಲಾಳಿ ಎಲ್ಲಾ ಒಳಗ ಮುರಕೊಂಡು ಉಳದ ರೊಕ್ಕ ಕೈಗೆ ಕೊಡ್ತಾರ. ಮೊದಲ ಹಮಾಲಿ ಕೊಡು, ಆಮ್ಯಾಲ ತೊಗರಿ ರೊಕ್ಕ ಅಂತ ಯಾರೂ ಅನಂಗಿಲ್ಲ. ನೀವು ಕೇಳಿದ್ರೇನ್ರಿ ಮಾಸ್ತರ, ಒಳಗ ಮುರಕೋರಿ ಅಂತ?"

"ಕೇಳಲಿಲ್ಲ."

"ಯಾಕ್ರಿ? ನೀವು ಲೆಕ್ಕದ ಮಾಸ್ತರ."

"ಕೇಳಿದ್ರ ಎಲ್ಲಿ ಬಹುಮಾನ ತಪ್ತದೋ ಅಂತ ಅಂಜಿದೆ."

ಇದನ್ನು ಹೇಳುವಾಗ ಅವರ ದನಿ ಶಾಲೆಯ ಹುಡುಗನದಾಗಿತ್ತು. ನಾನು ಆಮೇಲೆ ಎಷ್ಟೋ ಜನರಿಗೆ ಈ ಮೋಸಗಳ ಬಗ್ಗೆ ಹೇಳಿದ್ದೇನೆ. ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಓದಿದವರಿಗೂ ಹೇಳಿದ್ದೇನೆ. ಇನ್ನೂ ಕೈಗೆ ಬಾರದ ಹಣ ಕೈತಪ್ಪಿ ಹೋದೀತೆಂಬ ಅಂಜಿಕೆಯೇ ಎಲ್ಲರನ್ನೂ ಕೆಡವುತ್ತದೆ. ಅಂಜಿಕೆಗೆ ಗಣಿತ ಬರುವುದಿಲ್ಲ.

ಖಾಜಾಬಿ ಫೋನು ತೆಗೆದು ಆ ನಂಬರಿಗೆ ಹಚ್ಚಿದಳು. ಎಲ್ಲರಿಗೂ ಕೇಳುವಂತೆ ದನಿ ದೊಡ್ಡದು ಮಾಡಿ ಮೇಜಿನ ಮೇಲಿಟ್ಟಳು. ನನ್ನ ಮೆಷಿನ್ನಿನ ಪಕ್ಕ.

ಅಮ್ಮಾ ಎಂದಿತು ಆ ಕಡೆಯ ದನಿ. ನಿಜಕ್ಕೂ ಸವಿಯಾದ ದನಿ. ಹಣ ಕಳಿಸಿದಿರಾ ಅಮ್ಮಾ, ಇವತ್ತು ಸಂಜೆಯೇ ಕೊನೆ ಎಂದಿತು. ಖಾಜಾಬಿ ವ್ಯಾಪಾರಕ್ಕೆ ಕೂತವಳಂತೆ ಕಾಲು ಮಡಚಿ ಬೆಂಚಿನ ಮೇಲೆ ಕೂತಳು. ತನ್ನ ಹತ್ತಿರ ಈಗ ಹಣವಿಲ್ಲ, ಕಾರೂ ಬೇಡ, ಕಾರಿನ ಬೆಲೆಯಲ್ಲಿ ತೆರಿಗೆಯನ್ನು ಮುರಿದುಕೊಂಡು ಉಳಿದದ್ದನ್ನು ಕಳಿಸಿರಿ ಎಂದಳು. ಹಾಗೆ ಬರುವುದಿಲ್ಲ, ಅದು ಸರ್ಕಾರದ ನಿಯಮ ಎಂದ. ಹಾಗಾದರೆ ಅರ್ಧ ನೀವೇ ಇಟ್ಟುಕೊಳ್ಳಿರಿ, ಅರ್ಧ ಕೊಡಿರಿ ಎಂದಳು. ಆಗುವುದಿಲ್ಲ ಎಂದ. ಮುಕ್ಕಾಲು ಇಟ್ಟುಕೊಳ್ಳಿರಿ ಎಂದಳು. ಅವನ ದನಿಯಲ್ಲಿ ಅಮ್ಮಾ ಕಾಣೆಯಾಗತೊಡಗಿತು. ಕೊನೆಗೆ ಖಾಜಾಬಿ, ಆ ಕಾರಿನ ಬೆಲೆಯಲ್ಲಿ ನನಗೆ ಬರೀ ಹತ್ತು ಸಾವಿರ ಕಳಿಸು, ಉಳಿದ ಲಕ್ಷ ಎಲ್ಲ ನಿನಗೇ ಇರಲಿ, ನಿನ್ನ ಮಕ್ಕಳಿಗಿರಲಿ ಎಂದಳು. ಬಾಗಿಲಲ್ಲಿ ಯಾರೋ ಕೆಮ್ಮಿದರು.

ಆ ಕಡೆಯವನು ಸಿಟ್ಟಿಗೆದ್ದ. ನಿಮ್ಮಂಥ ಹಳ್ಳಿಯವರಿಗೆ ಬಹುಮಾನ ಕೊಡಲು ಬಂದಿದ್ದೇ ತಪ್ಪು, ನಿನ್ನ ಹೆಸರು ಕಿತ್ತುಹಾಕುತ್ತೇನೆ, ಪೊಲೀಸರಿಗೆ ಹೇಳುತ್ತೇನೆ ಎಂದು ಏಕವಚನಕ್ಕಿಳಿದ. ಖಾಜಾಬಿ ಪೂರ್ತಿ ಕೇಳಿಸಿಕೊಂಡಳು. ಫೋನು ಕೈಗೆತ್ತಿಕೊಂಡು ಒಂದೇ ಮಾತು ಹೇಳಿದಳು.

"ಇವತ್ತು ನನ್ನ ಮೊಣಕಾಲು ಹೆಂಗದ ಅಂತ ಕೇಳೇ ಇಲ್ಲಲ್ಲೋ ಬೇಟಾ."

ಅವನು ಫೋನು ಇಟ್ಟುಬಿಟ್ಟ. ಖಾಜಾಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೋದ ಕಾರಿಗಾಗಿ ಅವಳು ಅತ್ತಳೆಂದು ನನಗೆ ಅನಿಸಲಿಲ್ಲ.

ನಾನು ಮುಗಿಯಿತೆಂದುಕೊಂಡೆ. ಮುಗಿದಿರಲಿಲ್ಲ. ಅವಳು ಪಾಸ್‌ಬುಕ್ಕನ್ನು ನನ್ನ ಮುಂದೆ ಸರಿಸಿ, ರೊಕ್ಕ ಕೊಡವ್ವ ಎಂದಳು. ಎಷ್ಟು ಎಂದೆ. ಇದ್ದದ್ದೆಲ್ಲ ಎಂದಳು. ಇನ್ನೊಂದು ಸಲ ನೆಟ್‌ವರ್ಕ್ ಇಲ್ಲ ಎನ್ನಲು ನನಗೆ ಬಾಯಿ ಇರಲಿಲ್ಲ. ಅವಳ ಬೆರಳು ಗಾಜಿನ ಗೀರುಗಳಿಂದ ಸವೆದಿತ್ತು, ಮೆಷಿನ್ ಮೂರನೇ ಸಲಕ್ಕೆ ಹಿಡಿಯಿತು. ಹಣವನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಬುಟ್ಟಿ ಎತ್ತಿ ಇಳಿದುಹೋದಳು.

ನಮ್ಮ ಕಚೇರಿಯಿಂದ ಬಲಕ್ಕೆ ಅವಳ ಮನೆ. ಎಡಕ್ಕೆ ಬಸ್ ನಿಲ್ಲುವ ಜಾಗ, ಅಲ್ಲಿ ಮೊಬೈಲ್ ಅಂಗಡಿ, ಊರಿನವರು ಹೊರಗಿನವರಿಗೆ ಹಣ ಕಳಿಸುವುದು ಅಲ್ಲಿಂದಲೇ. ನಾನೂ ಮಾಸ್ತರರೂ ಬಾಗಿಲಲ್ಲಿ ನಿಂತು ನೋಡಿದೆವು. ಖಾಜಾಬಿ ಎಡಕ್ಕೆ ತಿರುಗಿದಳು. ತುಂತುರು ಮಳೆ ಬೀಳುತ್ತಿತ್ತು. ಕೆಸರಿನಲ್ಲಿ ಒಂದೊಂದೇ ಹೆಜ್ಜೆ ಕಿತ್ತಿಟ್ಟು ಮೊಬೈಲ್ ಅಂಗಡಿಯ ಮುಂದೆ ನಿಂತಳು. ಮಾಸ್ತರರು ನನಗಿಂತ ಮೊದಲು ಮುಖ ತಿರುಗಿಸಿದರು. ಮತ್ತೆ ನೋಡುವಷ್ಟರಲ್ಲಿ ಅವಳು ಆ ಅಂಗಡಿಯನ್ನು ದಾಟಿ, ಅದರ ಪಕ್ಕ ವೆಲ್ಡಿಂಗ್ ಮಾಡುವವನ ಶೆಡ್ಡಿನ ಒಳಗೆ ಹೋಗಿದ್ದಳು.

ಆ ಶನಿವಾರ ಮಾಸ್ತರರು ಯಾದಗಿರಿಗೆ ಹೋಗಿ ಪೊಲೀಸರಿಗೆ ದೂರು ಕೊಟ್ಟು ಬಂದರು. ಹಣ ಹೋದ ಕೂಡಲೇ ಬಂದಿದ್ದರೆ ತಡೆಹಿಡಿಯಲು ನೋಡಬಹುದಿತ್ತು ಎಂದರಂತೆ. ಮಾಸ್ತರರು ಎರಡು ವಾರ ನಾಚಿಕೆಯಲ್ಲಿ ಕಳೆದಿದ್ದರು. ಹೋದದ್ದು ಬರಲಿಲ್ಲ. ಆದರೆ ಆಮೇಲೆ ಅಂಥ ಲಕೋಟೆ ಬಂದಾಗಲೆಲ್ಲ ಅವರು ನನ್ನ ಜೊತೆ ಆ ಮನೆಯ ತನಕ ಬಂದು, ನಾನು ಒಡೆಯುವ ಮುಂಚೆ, ತಾವು ಮೋಸಹೋದದ್ದನ್ನು 'ಎರಡ್ ಸಲ' ಎಂದು ಸೇರಿಸಿಯೇ ಹೇಳುತ್ತಿದ್ದರು. ಆ ಮಳೆಗಾಲದಲ್ಲಿ ಇನ್ನೂ ಏಳು ಬಂದವು. ಒಂದಕ್ಕೂ ಊರಿನಿಂದ ಹಣ ಹೋಗಲಿಲ್ಲ.

ಶ್ರಾವಣ ಹಿಡಿದಾಗ ಬಸ್ ನಿಲ್ಲುವ ಕಡೆ ನೀಲಿ ಬಣ್ಣ ಬಳಿದ ಡಬ್ಬಾ ಅಂಗಡಿ ಎದ್ದಿತ್ತು. ಹೆಸರುಕಾಯಿ ಬಿಡಿಸಲು ಹೋಗುವ ಹೆಂಗಸರು ಅಲ್ಲೇ ನಿಂತು ಕೈ ಚಾಚುತ್ತಿದ್ದರು, ಖಾಜಾಬಿ ಕೂತಲ್ಲಿಂದಲೇ ಬಳೆ ತೊಡಿಸುತ್ತಿದ್ದಳು. ಒಂದು ದಿನ ನಾನೂ ಹೋದೆ. ಮೊಣಕಾಲು ಹೇಗಿದೆ ಎಂದು ಕೇಳಿದೆ. ಈಗ ಅಷ್ಟು ನೋಯುವುದಿಲ್ಲ ಎಂದಳು. ಅಂಗಡಿ ಹಾಕಿ ಮಿಕ್ಕ ಹಣವನ್ನು ಮತ್ತೆ ಅಂಚೆಯಲ್ಲಿ ಕಟ್ಟು, ಹೊಸ ಖಾತೆ ತೆರೆಯುತ್ತೇನೆ ಎಂದೆ. ಅವಳು ನನ್ನ ಕೈ ಹಿಡಿದು, ಹೆಬ್ಬೆರಳ ಬುಡ ಒತ್ತಿ, ಬಳೆ ಏರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಬ್ಯಾಡವ್ವ. ಅವನ ಸುಳ್ಳು ನಂಗ ಒಂದ ಮಾತಿನಾಗ ತಿಳೀತು. ನಿನ್ನ ಸುಳ್ಳು ತಿಳಿಯಾಕ ಮೂರ್ ದಿನಾ ಹಿಡೀತು."

ಬಳೆ ಅರ್ಧ ಏರಿತ್ತು, ಕೈ ಬಿಡಿಸಿಕೊಳ್ಳುವಂತಿರಲಿಲ್ಲ. ಮೊದಲನೇ ದಿನ ನಿಜವಾಗಿಯೂ ನೆಟ್‌ವರ್ಕ್ ಇರಲಿಲ್ಲ ಎಂದು ಹೇಳಬೇಕೆಂದು ಬಾಯಿಯ ತನಕ ಬಂತು. ಹೇಳಲಿಲ್ಲ.